ಸಹಾಯ ಬೇಕು: ಹಳೇ ಫೋರ್ಡ್ ಕಾರಿನ ಸ್ಟೆಪ್ನಿ ಕವರ್ ಹಾಕೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ತಾತನ ಕಾಲದ 1930ರ ಫೋರ್ಡ್ ಮಾಡೆಲ್ ಎ ಇದೆ. ಸ್ಟೆಪ್ನಿ ಕಾರಿನ ಹಿಂದೆ ನಿಂತಿರುತ್ತದೆ, ಟೈರ್ 4.75-19. ಬಿಸಿಲಿಗೆ ರಬ್ಬರ್ ಬಿರುಕು ಬಿಡುತ್ತಿದೆ ಅಂತ ಸೀಟ್ ಹೊಲಿಯುವವರ ಹತ್ತಿರ ಕಪ್ಪು ರೆಕ್ಸಿನ್‌ನಲ್ಲಿ ಕವರ್ ಹೊಲಿಸಿದೆ. ಮುಂದೆ ಪೂರ್ತಿ ಮುಚ್ಚಿದೆ, ಹಿಂದೆ ಅಂಚಿಗೆ ಲಾಡಿ.

ವೀಲ್ ಅದರ ಜಾಗದಲ್ಲೇ ಇಟ್ಟು ಹಾಕಿದರೆ ಮೇಲಿನ ಅರ್ಧ ಸಲೀಸಾಗಿ ಕೂರುತ್ತದೆ, ಕೆಳಗೆ ಮಾತ್ರ ಟೈರಿಗೂ ಬಾಡಿಗೂ ಮಧ್ಯೆ ಬೆರಳು ಕೂಡ ತೂರಲ್ಲ, ಅಂಚು ಹಿಂದಕ್ಕೆ ಹೋಗೋದೇ ಇಲ್ಲ. ಬಿಸಿಲಲ್ಲಿಟ್ಟು ಮೆತ್ತಗೆ ಮಾಡಿದೆ, ಸೋಪು ನೀರು ಹಚ್ಚಿದೆ, ಗಾಳಿ ಕಮ್ಮಿ ಮಾಡಿಯೂ ನೋಡಿದೆ. ಜಾಸ್ತಿ ಎಳೆದರೆ ಹೊಲಿಗೆ ಬಿಡುತ್ತದೆ. ಸರಿ, ವೀಲ್ ಬಿಚ್ಚಿ ಕವರ್ ಹಾಕಿಯೇ ಕೂರಿಸೋಣ ಅಂದರೆ ನಟ್‌ಗಳು ಮುಂದಿನ ಬದಿಯಲ್ಲೇ ಇವೆ, ಕವರ್ ಒಳಗೆ ಮುಚ್ಚಿಹೋಗುತ್ತವೆ, ಸ್ಪ್ಯಾನರ್ ಹಾಕೋದು ಎಲ್ಲಿಂದ?

ಮಧ್ಯೆ ದುಂಡಗೆ ಕತ್ತರಿಸಿ ಅಂತಾರೆ ಹೊಲಿದವರು. ಅಷ್ಟು ಚೆನ್ನಾಗಿ ಬಂದಿರೋದನ್ನ ಸುಮ್ನೆ ಕತ್ತರಿಸೋಕೆ ಮನಸ್ಸು ಬರ್ತಿಲ್ಲ.

ಇಂಥ ಕಾರು ಇಟ್ಟುಕೊಂಡಿರುವವರು ದಯವಿಟ್ಟು ಹೇಳಿ: ನಟ್‌ಗಳನ್ನು ಸಡಿಲ ಮಾಡಿ, ಅಂಚು ಹಿಂದೆ ತೂರಿಸಿ, ಆಮೇಲೆ ಬಿಗಿ ಮಾಡೋ ದಾರಿ ಏನಾದರೂ ಇದೆಯಾ? ಇಲ್ಲ ಮಧ್ಯೆ ಕತ್ತರಿಸಿ ಜಿಪ್ ಇಡಿಸಲೇಬೇಕಾ?