ಠಾಣೆಯಲ್ಲಿ ಹೊಡೆದರೆ ಮಾನವ ಹಕ್ಕುಗಳ ಆಯೋಗ ಏನು ಮಾಡುತ್ತೆ? ವಕೀಲರನ್ನು ಕೇಳಿ

ಪ್ರಶ್ನೆ (ರಾಯಚೂರು ಜಿಲ್ಲೆಯಿಂದ): ಮೇಡಂ, ನಮಸ್ಕಾರ್ರಿ. ಪಂಪ್‌ಸೆಟ್ ಕಳುವಿನ ಗುಮಾನಿ ಮ್ಯಾಲೆ ನಮ್ಮ ತಮ್ಮನ್ನ ಠಾಣೆಗೆ ಕರ್ಕೊಂಡು ಹೋಗಿ ಎರಡು ರಾತ್ರಿ ಕೂಡಿಸ್ಕೊಂಡಿದ್ರು. ಕೇಸಿಲ್ಲ, ಕಾಗದಿಲ್ಲ. ಅಂಗಾಲಿಗೆ ಹೊಡ್ದಾರ, ಈಗ್ಲೂ ಕಾಲೂರಾಕ ಆಗವಲ್ದು. ದೊಡ್ಡ ಸಾಹೇಬ್ರಿಗೆ ಅರ್ಜಿ ಕೊಟ್ವಿ, ಉತ್ತರಿಲ್ಲ. ಕಾರಿಗೆ ‘ಮಾನವ ಹಕ್ಕು’ ಅಂತ ಕೆಂಪು ಬೋರ್ಡ್ ಹಾಕ್ಕೊಂಡೋರು ಒಬ್ರು ಬಂದು, ನಾನು ತಾಲ್ಲೂಕು ಅಧ್ಯಕ್ಷ, ಐದು ಸಾವಿರ ಕೊಡ್ರಿ, ದಿಲ್ಲಿಯಿಂದ ಪಿಎಸ್‌ಐನ ಸಸ್ಪೆಂಡ್ ಮಾಡಿಸ್ತೀನಿ ಅಂತಾರ. ಕೊಡಬೇಕೇನ್ರಿ?

ಉತ್ತರ: ಒಂದು ರೂಪಾಯಿನೂ ಕೊಡಬ್ಯಾಡ್ರಿ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ತಾಲ್ಲೂಕು ಅಧ್ಯಕ್ಷರೂ ಇಲ್ಲ, ಜಿಲ್ಲಾ ಶಾಖೆಯೂ ಇಲ್ಲ. ಅದು ಸಂಸತ್ತು ಮಾಡಿದ 1993ರ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ, ದಿಲ್ಲಿಯಲ್ಲಿದೆ. ಅದೇ ಕಾಯ್ದೆಯಡಿ ನಮ್ಮ ರಾಜ್ಯದ ಆಯೋಗ ಬೆಂಗಳೂರಿನಲ್ಲಿದೆ. ಕಾರಿಗೆ ಬೋರ್ಡ್ ಹಾಕಿಕೊಂಡು ತಿರುಗುವವರದು ಹೆಚ್ಚೆಂದರೆ ನೋಂದಣಿಯಾದ ಖಾಸಗಿ ಸಂಘ. ನಮ್ಮ ಕಡೆ ಇವರ ಹಾವಳಿ ಎಷ್ಟಾಗಿದೆ ಅಂದರೆ, ನಿಜವಾದ ಆಯೋಗದ ಹೆಸರು ಹೇಳಿದರೂ ಜನ ಅನುಮಾನದಿಂದ ನೋಡ್ತಾರೆ.

ದೂರಿಗೆ ಶುಲ್ಕವಿಲ್ಲ. ಕನ್ನಡದಲ್ಲೇ ಬರೆಯಬಹುದು, ಅಂಚೆಯಲ್ಲಿ ಕಳಿಸಬಹುದು, ಆನ್‌ಲೈನಿನಲ್ಲೂ ಹಾಕಬಹುದು. ರಾಷ್ಟ್ರೀಯ ಆಯೋಗದ 14433ಕ್ಕೆ ಫೋನ್ ಮಾಡಿ ವಿಚಾರಿಸಬಹುದು. ವಕೀಲರೂ ಬೇಕಿಲ್ಲ (ನಾನೇ ಹೇಳ್ತಿದ್ದೀನಿ, ನಂಬಿ).

ಇನ್ನು ಸಸ್ಪೆಂಡ್ ವಿಷಯ. ಆ ಅಧಿಕಾರ ಆಯೋಗಕ್ಕಿಲ್ಲ. ಅದು ಕೋರ್ಟೂ ಅಲ್ಲ, ಇಲಾಖೆಯ ಮೇಲಧಿಕಾರಿಯೂ ಅಲ್ಲ. ಸಿವಿಲ್ ಕೋರ್ಟಿಗಿರುವಂತೆ ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ಅಧಿಕಾರ ಇದೆ. ವಿಚಾರಣೆಯಲ್ಲಿ ತಪ್ಪು ಕಂಡರೆ ಪರಿಹಾರ ಕೊಡಿ, ಮೊಕದ್ದಮೆ ಹೂಡಿ ಎಂದು ಸರ್ಕಾರಕ್ಕೆ ಶಿಫಾರಸು ಮಾಡುತ್ತದೆ. ಒಂದು ತಿಂಗಳೊಳಗೆ ಏನು ಕ್ರಮ ತೆಗೆದುಕೊಂಡಿರಿ ಅಂತ ಸರ್ಕಾರ ತಿಳಿಸಬೇಕು. ನಿಮ್ಮ ಅರ್ಜಿ ಎಸ್‌ಪಿ ಕಚೇರಿಯ ಕಡತದಲ್ಲಿ ಮಲಗಿದ್ದರೆ ಕೇಳುವವರಿಲ್ಲ. ಆಯೋಗ ವರದಿ ಕೇಳಿದರೆ ಮಾತ್ರ ಅದೇ ಕಚೇರಿ ಸಹಿ ಹಾಕಿ, ಹುಡುಗ ಯಾವಾಗ ಠಾಣೆಗೆ ಬಂದ, ಯಾವಾಗ ಹೋದ ಅಂತ ಬರೆದು ಕೊಡಲೇಬೇಕು. ಆ ಕಾಗದ ನಾಳೆ ಹೈಕೋರ್ಟಿನಲ್ಲೂ ಉಪಯೋಗಕ್ಕೆ ಬರುತ್ತೆ.

ಪ್ರಶ್ನೆ (ಅವರೇ): ಹಂಗಾದ್ರ ದಿಲ್ಲಿಗೂ ಬೆಂಗಳೂರಿಗೂ ಎರಡಕ್ಕೂ ಹಾಕ್ಲೇನ್ರಿ? ಮುಖ್ಯಮಂತ್ರಿಗಳಿಗೂ ಒಂದು ಕಾಪಿ?

ಉತ್ತರ: ಎಲ್ಲರಿಗೂ ಒಂದೊಂದು ಕಾಪಿ ಹಾಕೋದು ನಮ್ಮ ಜನರ ಹಳೇ ಚಾಳಿ. ಇಲ್ಲಿ ಅದೇ ಮುಳುವಾಗುತ್ತೆ. ರಾಜ್ಯ ಆಯೋಗದ ಮುಂದೆ ಬಾಕಿ ಇರುವ ವಿಷಯವನ್ನು ರಾಷ್ಟ್ರೀಯ ಆಯೋಗ ವಿಚಾರಿಸುವಂತಿಲ್ಲ, ಕಾಯ್ದೆಯ 36ನೇ ಕಲಂ ಹಾಗೆ ಹೇಳುತ್ತೆ. ಬೇರೆಯವರಿಗೆ ಬರೆದದ್ದರ ನಕಲು ಮಾತ್ರ ಬಂದರೆ ಸಾಮಾನ್ಯವಾಗಿ ಬಾಗಿಲಲ್ಲೇ ವಜಾ ಮಾಡ್ತಾರೆ. ಒಂದನ್ನು ಆರಿಸ್ಕೊಳ್ಳಿ. ಠಾಣೆಯ ವಿಷಯ ಆದ್ದರಿಂದ ನಾನಾದರೆ ಬೆಂಗಳೂರಿಗೆ ಹಾಕ್ತೀನಿ, ವಿಚಾರಣೆಗೆ ಕರೆದರೆ ರಾತ್ರಿ ಬಸ್ಸಿಗೆ ಹೋಗಿ ಬರಬಹುದು.

ಘಟನೆ ನಡೆದು ಒಂದು ವರ್ಷ ಕಳೆದರೆ ಆಯೋಗ ಕೈಗೆತ್ತಿಕೊಳ್ಳುವಂತಿಲ್ಲ, ಅದು ನೆನಪಿರಲಿ. ಅದಕ್ಕಿಂತ ಮುಖ್ಯ, ಇವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಎಂಎಲ್‌ಸಿ (ಕಾನೂನು ಪ್ರಕರಣಕ್ಕೆ ಬೇಕಾಗುವ ಗಾಯದ ವೈದ್ಯಕೀಯ ದಾಖಲೆ) ಮಾಡಿಸಿ. ‘ಬಿದ್ದು ಗಾಯ’ ಅಂತ ಬರೆಯೋಕೆ ಬಿಡಬೇಡಿ, ಹೊಡೆದದ್ದು ಯಾರು, ಯಾವಾಗ ಅಂತ ಡಾಕ್ಟರಿಗೆ ಹೇಳಿ ಬರೆಸಿ. ಅಂಗಾಲಿನ ಫೋಟೋ ತೆಗೆದಿಟ್ಟುಕೊಳ್ಳಿ. ದೂರಿನಲ್ಲಿ ಬಯ್ಗುಳ ಬೇಡ. ಯಾವ ತಾರೀಖು, ಎಷ್ಟು ಹೊತ್ತಿಗೆ ಕರೆದೊಯ್ದರು, ಯಾರು ನೋಡಿದರು, ಯಾವಾಗ ಬಿಟ್ಟರು, ಇಷ್ಟು ಸಾಕು. ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಅಂತ ಸಂವಿಧಾನದ 22ನೇ ವಿಧಿ ಇದೆ. ಎರಡು ರಾತ್ರಿ ಅನ್ನೋದೇ ನಿಮ್ಮ ಕೇಸಿನ ಜೀವಾಳ.

ಕೊನೆಗೆ ಒಂದು ಸಾಲು ಸೇರಿಸಿ: ‘ಠಾಣೆಯ ಸಿಸಿಟಿವಿ ದೃಶ್ಯ ತರಿಸಿಕೊಳ್ಳಬೇಕಾಗಿ ವಿನಂತಿ.’ ಪ್ರತಿ ಠಾಣೆಯಲ್ಲೂ ಕ್ಯಾಮೆರಾ ಇರಬೇಕು, ಅದರ ದೃಶ್ಯವನ್ನು ಮಾನವ ಹಕ್ಕುಗಳ ಆಯೋಗ ತರಿಸಿಕೊಳ್ಳಬಹುದು ಅಂತ ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲೇ ಹೇಳಿದೆ. ತಡ ಮಾಡಿದಷ್ಟೂ ‘ಕ್ಯಾಮೆರಾ ಕೆಟ್ಟಿತ್ತು’ ಅನ್ನೋ ಉತ್ತರಕ್ಕೆ ದಾರಿ ಮಾಡಿಕೊಟ್ಟ ಹಾಗೆ.

ಪ್ರಶ್ನೆ (ಕೊಪ್ಪಳದಿಂದ, ಕೆಎಎಸ್‌ಗೆ ಓದ್ತಿರೋನು): ಮೇಡಂ, ದುಡ್ಡು ಕೊಡೋದು ಸರ್ಕಾರ, ನೇಮಕ ಮಾಡೋದೂ ಸರ್ಕಾರ. ಆಮೇಲೆ ‘ಸ್ವತಂತ್ರ ಸಂಸ್ಥೆ’ ಅಂದ್ರೆ ಹೆಂಗ?

ಉತ್ತರ: ಸರಿಯಾದ ಜಾಗಕ್ಕೇ ಕೈ ಹಾಕಿದೀಯಪ್ಪ. ಇಂಥ ಸಂಸ್ಥೆ ಹೇಗಿರಬೇಕು ಅನ್ನೋದಕ್ಕೆ ಪ್ಯಾರಿಸ್ ತತ್ವಗಳು ಅಂತ ಇವೆ, 1993ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಒಪ್ಪಿದ್ದು. ಕಾನೂನಿನ ಬಲ, ಸಾಕಷ್ಟು ಹಣ, ಸಮಾಜದ ಎಲ್ಲ ವರ್ಗದ ಸದಸ್ಯರು, ಸರ್ಕಾರದ ಹಿಡಿತವಿಲ್ಲದ ಕೆಲಸ, ಇದು ಅದರ ತಿರುಳು. ನಮ್ಮ ರಾಷ್ಟ್ರೀಯ ಆಯೋಗದ ಅಧ್ಯಕ್ಷರನ್ನು ಪ್ರಧಾನಿ ನೇತೃತ್ವದ ಸಮಿತಿ ಆರಿಸುತ್ತೆ, ಅದರಲ್ಲಿ ಎರಡೂ ಸದನಗಳ ವಿರೋಧ ಪಕ್ಷದ ನಾಯಕರಿರ್ತಾರೆ. ದುರ್ನಡತೆ ಅಂತ ತೆಗೆಯಬೇಕಾದರೆ ಸುಪ್ರೀಂ ಕೋರ್ಟಿನ ವಿಚಾರಣೆ ಆಗಬೇಕು. ಇದು ಒಳ್ಳೆಯದು. ಆದರೆ 2019ರ ತಿದ್ದುಪಡಿ ಅವಧಿಯನ್ನು ಐದು ವರ್ಷದಿಂದ ಮೂರಕ್ಕೆ ಇಳಿಸಿ, ಮರುನೇಮಕಕ್ಕೂ ಅವಕಾಶ ಇಟ್ಟಿದೆ. ಮತ್ತೆ ಅದೇ ಕುರ್ಚಿ ಸಿಗಬಹುದು ಅಂತಿದ್ದಾಗ ಸರ್ಕಾರದ ಮುಖ ನೋಡದೆ ಬರೆಯೋದು ಎಲ್ಲರಿಗೂ ಸಾಧ್ಯವಾ? ಇನ್ನೊಂದು, ಪೊಲೀಸರ ಮೇಲಿನ ದೂರನ್ನು ತನಿಖೆ ಮಾಡೋದು ಪೊಲೀಸ್ ಇಲಾಖೆಯಿಂದಲೇ ಎರವಲು ಬಂದ ಅಧಿಕಾರಿಗಳು. ಇಂಥ ಸಂಸ್ಥೆಗಳಿಗೆ ದರ್ಜೆ ಕೊಡುವ ಅಂತರರಾಷ್ಟ್ರೀಯ ಒಕ್ಕೂಟ 2023ರಲ್ಲೂ 2024ರಲ್ಲೂ ಭಾರತದ ‘ಎ’ ದರ್ಜೆ ನವೀಕರಣವನ್ನು ಮುಂದೂಡಿತು. ಅದರ ಆಕ್ಷೇಪಗಳಲ್ಲಿ ಈ ಎರವಲು ಪೊಲೀಸರ ವಿಷಯವೂ ಒಂದು.

ಹಾಗಂತ ಬರೀ ಹಲ್ಲಿಲ್ಲದ ಹಾವು ಅಂತ ಬರೆದು ಅಂಕ ಕಳ್ಕೋಬೇಡ. ಗುಜರಾತಿನ ಬೆಸ್ಟ್ ಬೇಕರಿ ಪ್ರಕರಣದಲ್ಲಿ (2002ರ ಗಲಭೆಯಲ್ಲಿ ಬೇಕರಿಗೆ ಬೆಂಕಿ ಹಚ್ಚಿ ಜನರನ್ನು ಕೊಂದದ್ದು) ಆರೋಪಿಗಳೆಲ್ಲ ಖುಲಾಸೆಯಾದಾಗ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದು ಇದೇ ಆಯೋಗ. 2004ರಲ್ಲಿ ಕೋರ್ಟು ಮರುವಿಚಾರಣೆಯನ್ನು ಮಹಾರಾಷ್ಟ್ರದಲ್ಲಿ ನಡೆಸಲು ಹೇಳಿತು. ಕಸ್ಟಡಿಯಲ್ಲಿ ಸಾವಾದರೆ 24 ಗಂಟೆಯೊಳಗೆ ತನಗೆ ತಿಳಿಸಬೇಕು ಅಂತ 1993ರ ಡಿಸೆಂಬರಿನಲ್ಲೇ ಆದೇಶ ಮಾಡಿದ್ದೂ ಅದೇ. ಶಿಫಾರಸನ್ನು ಸರ್ಕಾರ ಪಾಲಿಸಲೇಬೇಕು ಅಂತ ಮದ್ರಾಸ್ ಹೈಕೋರ್ಟಿನ ಪೂರ್ಣಪೀಠ 2021ರಲ್ಲಿ ತೀರ್ಪು ಕೊಟ್ಟಿದೆ, ಅದನ್ನೂ ಓದ್ಕೋ.

ಪ್ರಶ್ನೆ (ಬಳ್ಳಾರಿಯಿಂದ): ನೊಂದವರೇ ದೂರು ಕೊಡಬೇಕಾ ಮೇಡಂ? ನಮ್ಮ ಕಡೆ ದೇವದಾಸಿ ತಾಯಂದಿರು ಹೆಸರು ಹಾಕೋಕೆ ಹೆದರ್ತಾರ.

ಉತ್ತರ: ಅವರ ಪರವಾಗಿ ಯಾರು ಬೇಕಾದರೂ ಕೊಡಬಹುದು. ಪತ್ರಿಕೆಯಲ್ಲಿ ಬಂದದ್ದನ್ನು ಓದಿ ಆಯೋಗ ತಾನಾಗಿಯೂ ಕೈಗೆತ್ತಿಕೊಳ್ಳುತ್ತೆ. 2022ರ ಅಕ್ಟೋಬರಿನಲ್ಲಿ ದೇವದಾಸಿ ಪದ್ಧತಿ ಬಗ್ಗೆಯೇ ಹಾಗೆ ಮಾಡಿ ಕರ್ನಾಟಕಕ್ಕೂ ನೋಟಿಸ್ ಕೊಟ್ಟಿತ್ತು. ಆದರೆ ದೂರು ಕೊಡುವವರ ಹೆಸರು, ವಿಳಾಸ ಇರಲೇಬೇಕು, ಅನಾಮಧೇಯ ಪತ್ರ ನಡೆಯಲ್ಲ. ನಿಮ್ಮ ಹೆಸರಲ್ಲಿ ಕೊಡಿ.

ಪ್ರಶ್ನೆ (ಮೊದಲಿನವರು): ಎಂಎಲ್‌ಸಿ ಆತ್ರಿ ಮೇಡಂ. ಡಾಕ್ಟ್ರು ಮೊದ್ಲು ಬರೀವಲ್ರಾಗಿದ್ರು, ನೀವು ಹೇಳ್ದಂಗ ಗಟ್ಟಿಯಾಗಿ ಕೇಳಿದ್ವಿ.

ಉತ್ತರ: ಸರಿ. ಅದರ ನಕಲು ಲಗತ್ತಿಸಿ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಕಳ್ಕೋಬ್ಯಾಡ್ರಿ. ದೂರಿನ ಸಂಖ್ಯೆ ಬಂದ ಮೇಲೆ ಇಲ್ಲೇ ಹಾಕ್ರಿ.