ಅಪ್‌ಡೇಟ್: ಸಬ್‌ವೂಫರ್ ಆಂಪ್ ಕೊನೆಗೂ ದಾರಿಗೆ ಬಂತು

ಹೋದ ತಿಂಗಳು ಕೇಳಿದ್ದೆನಲ್ಲ, ಸುಮ್ನೆ ಬಿದ್ದಿದ್ದ 12 ಇಂಚಿನ ಕಾರ್ ಸಬ್‌ವೂಫರನ್ನು (ಬಾಸ್, ಅಂದರೆ ತಗ್ಗಿನ ಸದ್ದು ಮಾತ್ರ ನುಡಿಸುವ ಸ್ಪೀಕರ್) ಮನೆಯಲ್ಲಿ ಬಳಸಲು ಯಾವ ಆಂಪ್ಲಿಫೈಯರ್ ಹಾಕಲಿ ಅಂತ. ಅದರಲ್ಲಿ ಎರಡು ಕಾಯಿಲ್ (ಸ್ಪೀಕರನ್ನು ಅಲುಗಿಸುವ ತಂತಿ ಸುರುಳಿ), ತಲಾ 4 ಓಮ್ (ಕರೆಂಟಿಗೆ ಒಡ್ಡುವ ತಡೆಯ ಅಳತೆ).

ಕ್ಲಾಸ್ ಡಿ (ಕಡಿಮೆ ಬಿಸಿಯಾಗುವ ಬಗೆ) ಮೋನೋ (ಒಂದೇ ಚಾನೆಲಿನ) ಆಂಪ್ ತಂದೆ. ಅದಕ್ಕೆ ಕನಿಷ್ಠ 4 ಓಮ್ ಲೋಡ್ ಬೇಕು. ಕಾಯಿಲ್‌ಗಳನ್ನು ಪ್ಯಾರಲಲ್ (ಅಕ್ಕಪಕ್ಕ) ಮಾಡಿದರೆ 2 ಓಮ್ ಆಗಿಬಿಡುತ್ತದೆ. ಅದಕ್ಕೇ ಸೀರೀಸ್‌ನಲ್ಲಿ (ಒಂದರ ಹಿಂದೊಂದು) ಜೋಡಿಸಿ 8 ಓಮ್ ಮಾಡಿದೆ. ಪವರ್ ಕಡಿಮೆಯಾಯಿತು, ನಮ್ಮ ಹಾಲ್‌ಗೆ ಅದೇ ಜಾಸ್ತಿ.

ತಲೆ ತಿಂದದ್ದು ಗುಂಯ್ ಅನ್ನುವ ಸದ್ದು. ಎರಡು ದಿನ ಆಂಪನ್ನೇ ಬೈದೆ. ಸೆಟ್‌ಟಾಪ್ ಬಾಕ್ಸಿನ ಕೇಬಲ್ ಕಿತ್ತ ತಕ್ಷಣ ಸದ್ದು ನಿಂತಿತು. ಗ್ರೌಂಡ್ ಲೂಪ್! ಅಂದರೆ ಉಪಕರಣಗಳ ಅರ್ತ್ ಎರಡು ದಾರಿಯಲ್ಲಿ ಕೂಡಿಕೊಂಡು ಗುಂಯ್ ಸದ್ದು ನುಸುಳುವುದು. ಅರ್ತ್ ಪಿನ್ ಕತ್ತರಿಸು ಅಂದ ಗೆಳೆಯನ ಮಾತು ಕೇಳಲಿಲ್ಲ, ಪುಣ್ಯ; ಶಾಕ್‌ನಿಂದ ಕಾಪಾಡುವುದೇ ಆ ಪಿನ್. ಆಡಿಯೋ ವೈರಿನ ನಡುವೆ, ಸಿಗ್ನಲ್ ದಾಟಿಸಿ ಆ ಲೂಪನ್ನು ಕಡಿಯುವ ಐಸೊಲೇಟರ್ ಹಾಕಿದೆ. ಮೊದಲು ತಂದ ಅಗ್ಗದ್ದು ಬಾಸನ್ನೇ ನುಂಗಿತ್ತು, ಬದಲಾಯಿಸಬೇಕಾಯಿತು.

ಎಲ್ಲ ಸ್ಪೀಕರ್‌ಗಳಿಗೂ ಸದ್ದು ಹಂಚುವ ರಿಸೀವರ್‌ನಲ್ಲಿ ಕ್ರಾಸ್‌ಓವರ್ (ಇದಕ್ಕಿಂತ ಕೆಳಗಿನ ಸದ್ದು ಸಬ್‌ವೂಫರಿಗೆ ಹೋಗುವ ಗಡಿ) 80 ಹರ್ಟ್ಜ್ ಇಟ್ಟು, ಅದೇ ಕೆಲಸ ಮಾಡುವ ಆಂಪಿನ ಫಿಲ್ಟರನ್ನು ಪೂರ್ತಿ ಮೇಲಕ್ಕೆ ತಿರುಗಿಸಿದೆ. ಎರಡೂ ಕಡೆ ಕತ್ತರಿಸಿದರೆ ಬಾಸ್ ಸೊರಗುತ್ತದೆ ಅಲ್ವಾ? ಫೇಸ್ (ಸಬ್‌ವೂಫರಿನ ಅಲೆಯನ್ನು ಬೇರೆ ಸ್ಪೀಕರ್‌ಗಳ ಜೊತೆ ಹೊಂದಿಸುವ ಗುಂಡಿ) 180 ಡಿಗ್ರಿಗೆ ಹಾಕಿದಾಗ ಮೃದಂಗದ ಎಡಬದಿ ತುಂಬಿ ಬಂತು. ಸಬ್‌ವೂಫರನ್ನು ಮೂಲೆಯಲ್ಲಿಟ್ಟರೆ ಶೋಕೇಸಿನ ಗಾಜು ಗಡಗಡ. ಅಮ್ಮ ಗುರಾಯಿಸಿದರು, ಎರಡಡಿ ಈಚೆಗೆ ಎಳೆದೆ.