ಒಂದು ಕಡೆ ಆಳ, ಇನ್ನೊಂದು ಕಡೆ ಬರೀ ಗೀರು: ಸಿಎನ್‌ಸಿ ಕೆತ್ತನೆ ಸಮ ಬರೋದು ಹೇಗೆ?

ಪ್ರಶ್ನೆ: ಮನೆಯಲ್ಲಿ 3018 ಸಿಎನ್‌ಸಿ (ಕಂಪ್ಯೂಟರ್ ಹೇಳಿದ ಹಾಗೆ ಕೆತ್ತುವ ಸಣ್ಣ ಮಷಿನ್) ಇದೆ. 6 ಎಂಎಂ ಪ್ಲೈವುಡ್‌ನಲ್ಲಿ ಬಾಗಿಲಿಗೆ ಹಾಕುವ ನಾಮಫಲಕ ಕೆತ್ತುತ್ತಿದ್ದೇನೆ. 60 ಡಿಗ್ರಿ ವಿ-ಬಿಟ್ (ಚೂಪು ತುದಿಯ ಕೆತ್ತುವ ಕಡ್ಡಿ), ಆಳ 0.3 ಎಂಎಂ. ‘ಶ್ರೀನಿಲಯ’ ಅಂತ ಕೊಟ್ಟರೆ ‘ಶ್ರೀ’ ದಪ್ಪಗಾಗಿ ಅದರ ಒತ್ತು ಮುಚ್ಚಿಹೋಗುತ್ತೆ. ‘ಯ’ ಹೊತ್ತಿಗೆ ಬರೀ ಗೀರು. ನಾಲ್ಕೂ ಮೂಲೆಗೆ ಕ್ಲಾಂಪ್ ಹಾಕಿದ್ದೇನೆ. ನೀವೆಲ್ಲ ಏನು ಮಾಡಿದಿರಿ?

ಉತ್ತರ 1: ಮೊದಲು ತಪ್ಪು ಯಾರದ್ದು ನೋಡಿ ಸಾರ್. ಹಲಗೆಯನ್ನು ಬೆಡ್ (ಮಷಿನ್ನಿನಲ್ಲಿ ಹಲಗೆ ಕೂರಿಸುವ ಮೇಜು) ಮೇಲೆ ಅರ್ಧ ಸುತ್ತು ತಿರುಗಿಸಿ, ಎಡತುದಿ ಬಲಕ್ಕೆ ಬರುವ ಹಾಗೆ. ಖಾಲಿ ಜಾಗದಲ್ಲಿ ಒಂದು ಉದ್ದ ಗೆರೆ ಎಳೆಸಿ. ಗೆರೆ ಮತ್ತೆ ಮಷಿನ್ನಿನ ಬಲಗಡೆಯೇ ತೆಳುವಾದರೆ ಬೆಡ್ ಓರೆ. ಹಲಗೆಯ ಜೊತೆ ಎಡಕ್ಕೆ ಬಂದರೆ ಹಲಗೆಯೇ ಸೊಟ್ಟ. ನನ್ನದು ಬೆಡ್ ಆಗಿತ್ತು. ಮೇಲೆ ಒಂದು ಎಂಡಿಎಫ್ ಹಲಗೆ ಬಿಗಿದು, ಅದರ ಮೈಯನ್ನು ಅದೇ ಮಷಿನ್ನಿನಿಂದ ತೆಳ್ಳಗೆ ಸವರಿಸಿದೆ. ಸರಿಹೋಯಿತು. ಧೂಳು ಮಾತ್ರ ಮಿಕ್ಸಿ ಜಾರಿನೊಳಗೂ ಸಿಕ್ಕಿತು.

ಇನ್ನೊಂದು, ಮೂಲೆಗೆ ಕ್ಲಾಂಪ್ ಬಿಗಿದರೆ ತೆಳು ಹಲಗೆ ನಡುವೆ ಉಬ್ಬುತ್ತೆ. ಬೆಡ್‌ಗೂ ಹಲಗೆಯ ಬೆನ್ನಿಗೂ ಮಾಸ್ಕಿಂಗ್ ಟೇಪ್ ಅಂಟಿಸಿ, ಎರಡು ಟೇಪಿನ ನಡುವೆ ಫೆವಿಕ್ವಿಕ್ ಹಾಕಿ ಒತ್ತಿ. ಪೂರ್ತಿ ಮೈ ಹಿಡಿಯುತ್ತೆ, ಕೆಲಸ ಮುಗಿದ ಮೇಲೆ ಸುಲಿದರೆ ಬರುತ್ತೆ.

ಉತ್ತರ 2: ಹಲಗೆಯೇ ಸೊಟ್ಟ ಇದ್ದರೆ ಹೈಟ್ ಮ್ಯಾಪ್ ಮಾಡಿ. ಮಷಿನ್ ನಡೆಸೋ ಕ್ಯಾಂಡಲ್ ಸಾಫ್ಟ್‌ವೇರ್‌ನಲ್ಲೇ ಇದೆ. ಬಿಟ್ ಒಂದೊಂದು ಜಾಗದಲ್ಲೂ ಇಳಿದು ಮುಟ್ಟಿ ಎತ್ತರ ಬರೆದುಕೊಳ್ಳುತ್ತೆ, ಆಮೇಲೆ ಕೆತ್ತುವಾಗ ಅದಕ್ಕೆ ತಕ್ಕಂತೆ ಏರುತ್ತೆ, ಇಳಿಯುತ್ತೆ. 200×120 ಎಂಎಂ ಹಲಗೆಗೆ 20 ಎಂಎಂ ಅಂತರ ಸಾಕು, 77 ಬಿಂದು. 10 ಎಂಎಂ ಇಟ್ಟರೆ 273, ಊಟ ಮಾಡಿ ಬರಬಹುದು.

ಆದರೆ ಮುಟ್ಟಿದ್ದು ಗೊತ್ತಾಗೋದು ಕರೆಂಟ್ ಹರಿದರೆ ಮಾತ್ರ. ಮರದಲ್ಲಿ ಹರಿಯಲ್ಲ. ಅಡುಗೆಮನೆಯ ಫಾಯಿಲ್ ಅಂಟಿಸಿ, ಮುಟ್ಟಿದ್ದು ತಿಳಿಸುವ ವೈರಿನ ಒಂದು ಕ್ಲಿಪ್ ಅದಕ್ಕೆ, ಇನ್ನೊಂದು ಬಿಟ್‌ಗೆ. ಫಾಯಿಲ್ಲಿನ ದಪ್ಪ ಲೆಕ್ಕಕ್ಕೆ ಬರಲ್ಲ, ಸುಕ್ಕು ಬರುತ್ತೆ. ಅಂಗೈಯಿಂದ ನೀಟಾಗಿ ಸವರಿ. ಅಳತೆ ಮುಗಿದ ಮೇಲೆ ಕೀಳಬೇಡಿ, ಹಲಗೆ ಅಲ್ಲಾಡುತ್ತೆ. ಅದರ ಮೇಲೇ ಕೆತ್ತಿ. ಸ್ಪಿಂಡಲ್ (ಬಿಟ್ ತಿರುಗಿಸುವ ಮೋಟಾರ್) ಶುರು ಮಾಡೋ ಮುಂಚೆ ಬಿಟ್‌ನ ಕ್ಲಿಪ್ ತೆಗೆಯೋದು ಮರೀಬೇಡಿ. ನಾನೊಮ್ಮೆ ಮರೆತು ವೈರ್ ಪೂರ್ತಿ ಸುತ್ತಿಕೊಂಡಿತ್ತು.

ಅದಕ್ಕಿಂತ ದೊಡ್ಡ ಎಡವಟ್ಟು ಅಲ್ಯೂಮಿನಿಯಂನಲ್ಲಿ ಆಯಿತು. ಲೋಹ ತಾನೇ, ಫಾಯಿಲ್ ಯಾಕೆ ಅಂತ ಅನೋಡೈಸ್ ಮಾಡಿದ (ಮೈಮೇಲೆ ಆಕ್ಸೈಡ್ ಪದರ ಬೆಳೆಸಿದ) ಕಪ್ಪು ಪ್ಯಾನೆಲ್ ಮೇಲೆ ನೇರ ಅಳೆಯೋಕೆ ಬಿಟ್ಟೆ. ಆ ಲೇಪ ಕರೆಂಟ್ ಬಿಡಲ್ಲ. ಬಿಟ್ ಮುಟ್ಟಿದರೂ ನಿಲ್ಲದೆ ಒತ್ತುತ್ತಲೇ ಹೋಯಿತು. ಟಕ್ ಅಂತ ಸಣ್ಣ ಸದ್ದು, ತುದಿ ಹೋಯಿತು. ಪ್ಯಾನೆಲ್ ನಡುವೆ ಒಂದು ಬೆಳ್ಳಿ ಚುಕ್ಕೆ ಉಳಿಯಿತು. ಈಗ ಮೊದಲು ಮಲ್ಟಿಮೀಟರ್ ಕಡ್ಡಿ ಎರಡೂ ಇಟ್ಟು ಬೀಪ್ ಬರುತ್ತಾ ಕೇಳುತ್ತೇನೆ.

ಉತ್ತರ 3: ನಾನು ಸ್ವಲ್ಪ ಬೇರೆ ಥರ ಹೇಳ್ತೀನಿ. ನಿಮಗೆ ಕಾಣ್ತಿರೋದು ಆಳ ಅಲ್ಲ, ಗೆರೆಯ ಅಗಲ. 60 ಡಿಗ್ರಿ ಬಿಟ್ 0.3 ಇಳಿದರೆ ಗೆರೆ 0.35 ಎಂಎಂ. ಹಲಗೆ 0.2 ಏರುಪೇರಾದರೆ ಒಂದು ಕಡೆ 0.58, ಇನ್ನೊಂದು ಕಡೆ 0.12. ಕಣ್ಣಿಗೆ ಹೊಡೆಯದೆ ಇರುತ್ತಾ? ಅಕ್ಷರ ದೊಡ್ಡದಿದ್ದರೆ 1 ಎಂಎಂನ ಚಪ್ಪಟೆ ತುದಿಯ ಬಿಟ್ ಹಾಕಿ 0.6 ಆಳ ಕೊಡಿ. ಅಲ್ಲಿ 0.4, ಇಲ್ಲಿ 0.8 ಆದರೂ ಗೆರೆ 1 ಎಂಎಂ ಆಗೇ ಇರುತ್ತೆ. ಬಣ್ಣ ತುಂಬಿದ ಮೇಲೆ ಆಳ ಯಾರಿಗೆ ಗೊತ್ತಾಗುತ್ತೆ? ಮನೆ ಹೆಸರಿಗೆ ಹೈಟ್ ಮ್ಯಾಪ್ ಜಾಸ್ತಿಯೇ ಆಯಿತು ಅನ್ನಿಸುತ್ತೆ.

ಉತ್ತರ 4: ಹಿತ್ತಾಳೆಗೆ ಸ್ಪ್ರಿಂಗ್ ಇರುವ ಡೈಮಂಡ್ ಬಿಟ್. ತಿರುಗಿಸೋದೇ ಬೇಡ, ಒತ್ತಿಕೊಂಡು ಎಳೆದುಕೊಂಡು ಹೋಗುತ್ತೆ, ಏರುತಗ್ಗು ಸ್ಪ್ರಿಂಗೇ ನುಂಗುತ್ತೆ. ಮರಕ್ಕೆ ಪ್ರಯೋಜನವಿಲ್ಲ.

ಕೇಳಿದವರು: ಹಲಗೆ ತಿರುಗಿಸಿ ನೋಡಿದೆ. ತೆಳು ಗೆರೆ ಹಲಗೆಯ ಜೊತೆಗೇ ಎಡಕ್ಕೆ ಬಂತು. ಕ್ಲಾಂಪ್ ತೆಗೆದು ಟೇಪ್ ಹಾಕಿದೆ, ಅರ್ಧ ತೊಂದರೆ ಅಲ್ಲೇ ಹೋಯಿತು. 1 ಎಂಎಂ ಬಿಟ್‌ನಲ್ಲಿ ‘ಯ’ ಈಗ ‘ಶ್ರೀ’ಯಷ್ಟೇ ದಪ್ಪ ಬಂದಿದೆ. ಆದರೆ ಒತ್ತಿನ ಸಣ್ಣ ತಿರುವಿಗೆ 1 ಎಂಎಂ ದಪ್ಪವಾಯಿತು, ಅಕ್ಷರ ದೊಡ್ಡದು ಮಾಡೋಕೆ ಹಲಗೆಯಲ್ಲಿ ಜಾಗ ಇಲ್ಲ. ಅದಕ್ಕೆ ಫಾಯಿಲ್ ತರೋಕೆ ಹೊರಟಿದ್ದೇನೆ.